ಅಜೇಯರಾರು? ಲೆಕ್ಕಕ್ಕೆ ಸೇರದ ಗುದ್ದುಗಳು

ಕ್ರೀಡಾಪ್ರಿಯರು ನಾಲ್ವರು ಒಂದೆಡೆ ಕಲೆತರೆ ತಲೆಯೆತ್ತುವ, ಎಷ್ಟು ಹೊತ್ತು ವಾದಿಸಿದರೂ ಇತ್ಯರ್ಥವಾಗದ ಪ್ರಶ್ನೆಗಳಲ್ಲಿ ಇದೂ ಒಂದು: ಮುಷ್ಟಿಯುದ್ಧದ ಕಣದಲ್ಲಿ, ತನ್ನ ಏರುಗಾಲದಲ್ಲಿ, ಯಾರಿಂದಲೂ ಸೋಲಿಸಲಾಗದವನೆಂದು ಕಂಡವನು ಯಾರು? ಒಬ್ಬರು ಮೊಹಮ್ಮದ್ ಅಲಿಯ ಹೆಸರನ್ನೆತ್ತುತ್ತಾರೆ. ಮತ್ತೊಬ್ಬರು ಮೈಕ್ ಟೈಸನ್ನನ ಮೊದಲ ಮೂರು ನಾಲ್ಕು ವರ್ಷಗಳನ್ನು ನೆನೆಯುತ್ತಾರೆ. ಹಿರಿಯರಾದವರು ಜೋ ಲೂಯಿಯನ್ನು ಬಿಟ್ಟುಕೊಡುವುದಿಲ್ಲ. ಅಂಕಿಸಂಖ್ಯೆಗಳನ್ನೇ ನಂಬುವವರು, 49 ಪಂದ್ಯಗಳಲ್ಲಿ ಒಂದನ್ನೂ ಸೋಲದ ರಾಕಿ ಮಾರ್ಸಿಯಾನೋನನ್ನು ಮುಂದಿಟ್ಟು, ಇನ್ನು ವಾದವೇಕೆ ಎಂದು ಕೇಳುತ್ತಾರೆ.

ವಾದವೇನೋ ರಸವತ್ತಾದುದೇ. ಆದರೆ ಗೆಲುವು, ಸೋಲು, ನಾಕೌಟ್ ಎಂಬ ಮೂರು ಅಂಕಣಗಳನ್ನಷ್ಟೇ ಬರೆದಿಟ್ಟುಕೊಂಡ ಈ ಲೆಕ್ಕದ ಪುಸ್ತಕದಲ್ಲಿ ನಾಲ್ಕನೆಯದೊಂದು ಅಂಕಣ ಸದಾ ಖಾಲಿಯಾಗಿಯೇ ಉಳಿದಿದೆ. ಆ ಮಲ್ಲನು ತನ್ನ ತಲೆಯ ಮೇಲೆ ತಾಳಿಕೊಂಡ ಗುದ್ದುಗಳೆಷ್ಟು? ಅವುಗಳ ಸಾಲವನ್ನು ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ ತೀರಿಸಿದ? ಈ ಅಂಕಣವನ್ನು ತುಂಬಿ ನೋಡಿದರೆ ಅಜೇಯರ ಪಟ್ಟಿ ಸಾಕಷ್ಟು ಬದಲಾಗುತ್ತದೆ. ನಾವು ಮರೆತಿರುವ ಹೆಸರೊಂದು ಮೇಲಕ್ಕೆ ಬರುತ್ತದೆ.

ಎರಡು ಸುತ್ತಿನ ಸಿಂಹಗಳು

ಮೊದಲಿಗೆ, ಕಣಕ್ಕೆ ಇಳಿಯುವ ಮುನ್ನವೇ ಎದುರಾಳಿಯ ಎದೆ ನಡುಗಿಸುತ್ತಿದ್ದವರನ್ನು ನೋಡೋಣ. ಸನ್ನಿ ಲಿಸ್ಟನ್ 1962ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ನನನ್ನು ಮೊದಲ ಸುತ್ತಿನಲ್ಲಿಯೇ ಕೆಡವಿ ವಿಶ್ವ ಹೆವಿವೇಟ್ ಪಟ್ಟವನ್ನು ಕಿತ್ತುಕೊಂಡ. ಮರುವರ್ಷ ಅದೇ ಪ್ಯಾಟರ್ಸನ್ ಮತ್ತೆ ಎದುರು ನಿಂತಾಗಲೂ ಪಂದ್ಯ ಮೊದಲ ಸುತ್ತನ್ನು ದಾಟಲಿಲ್ಲ. ಇಂಥವನನ್ನು ಎದುರಿಸಲು 1964ರ ಫೆಬ್ರವರಿಯಲ್ಲಿ ಮಯಾಮಿ ಬೀಚ್‌ಗೆ ಬಂದ 22 ವರ್ಷದ ಕ್ಯಾಷಿಯಸ್ ಕ್ಲೇ ಎಂಬ ಮಾತುಗಾರ ತರುಣನನ್ನು ಕಂಡು ಪತ್ರಕರ್ತರಲ್ಲಿ ಬಹುಮಂದಿ ಮರುಕಪಟ್ಟರು. ಆರು ಸುತ್ತು ಮುಗಿದ ಮೇಲೆ ಆಸನದಿಂದ ಏಳಲಾರದೆ ಕುಳಿತವನು ಲಿಸ್ಟನ್. ಆ ತರುಣನೇ ಮುಂದೆ ಮೊಹಮ್ಮದ್ ಅಲಿ ಎನಿಸಿಕೊಂಡ.

ಹತ್ತು ವರ್ಷಗಳ ಬಳಿಕ ಅದೇ ಭಯ ಜಾರ್ಜ್ ಫೋರ್ಮನ್‌ನ ರೂಪದಲ್ಲಿ ಮರಳಿ ಬಂತು. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಆತ ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತುಗಳಲ್ಲಿ ಆರು ಬಾರಿ ನೆಲಕ್ಕೆ ಬೀಳಿಸಿದ. 1974ರಲ್ಲಿ ಕೆನ್ ನಾರ್ಟನ್‌ನ ಕಥೆಯೂ ಎರಡು ಸುತ್ತಿಗೇ ಮುಗಿಯಿತು. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರೂ ಅಲಿಯನ್ನು ಸೋಲಿಸಿದ್ದವರು. 40 ಪಂದ್ಯಗಳಲ್ಲಿ 40 ಗೆಲುವು, ಅವುಗಳಲ್ಲಿ 37 ನಾಕೌಟ್. ಆನೆ ನಡೆದದ್ದೇ ದಾರಿ ಎಂಬಂತಿತ್ತು ಫೋರ್ಮನ್‌ನ ಸ್ಥಿತಿ. ಆದರೆ 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ 32 ವರ್ಷದ ಅಲಿ ಹಗ್ಗಕ್ಕೆ ಒರಗಿ ನಿಂತು, ಅವನ ತೋಳುಗಳು ಸೋಲುವವರೆಗೂ ಗುದ್ದಿಸಿಕೊಂಡು, ಎಂಟನೆಯ ಸುತ್ತಿನಲ್ಲಿ ಅವನನ್ನು ಕೆಡವಿದ.

ಟೈಸನ್ನನ ಕಥೆಯ ಜಾಡೂ ಇದೇ. 1986ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹೆವಿವೇಟ್ ಪಟ್ಟವೇರಿದವರಲ್ಲೆಲ್ಲ ಅತಿ ಕಿರಿಯನೆನಿಸಿದ. 1988ರ ಜೂನ್‌ನಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡುಗಳಲ್ಲಿ ಮುಗಿಸಿದ. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ ಬಸ್ಟರ್ ಡಗ್ಲಾಸ್ ಎದುರಾದಾಗ ಲಾಸ್ ವೆಗಾಸಿನ ಪಣಗೃಹವೊಂದು ಇಟ್ಟ ದರ 42ಕ್ಕೆ 1. ಕೆಲವೇ ವಾರಗಳ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದ ಡಗ್ಲಾಸ್ ಹತ್ತನೆಯ ಸುತ್ತಿನಲ್ಲಿ ಟೈಸನ್ನನನ್ನು ನೆಲ ಕಾಣಿಸಿದ.

ಈ ಮೂವರ ಅಜೇಯತೆಯಲ್ಲಿಯೂ ಒಂದು ಸಮಾನಾಂಶವಿದೆ. ಅವರ ಪಂದ್ಯಗಳು ಬೇಗ ಮುಗಿಯುತ್ತಿದ್ದುದರಿಂದ, ಪಂದ್ಯ ಬೆಳೆದರೆ ಅವರು ಏನು ಮಾಡುವರೆಂಬುದು ಪ್ರೇಕ್ಷಕರಿಗೂ ತಿಳಿದಿರಲಿಲ್ಲ, ಬಹುಶಃ ಅವರಿಗೇ ತಿಳಿದಿರಲಿಲ್ಲ. ಸೋಲಿಸಲಾಗದವನೆಂದು ನಾವು ಕರೆದವನು ಅನೇಕ ಸಲ ಇನ್ನೂ ಪೂರ್ತಿಯಾಗಿ ಪರೀಕ್ಷೆಗೆ ಒಳಗಾಗದವನು, ಅಷ್ಟೆ. ಫೋರ್ಮನ್ ಮಾತ್ರ ಆ ಸೋಲಿನಿಂದ ಪಾಠ ಕಲಿತು, ನಡುವೆ ಹತ್ತು ವರ್ಷ ಕಣದಿಂದ ದೂರವಿದ್ದು, 1994ರಲ್ಲಿ 45ರ ವಯಸ್ಸಿನಲ್ಲಿ ಮತ್ತೆ ಪಟ್ಟವೇರಿದನೆಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು.

ದೀರ್ಘಕಾಲ ಆಳಿದವರು

ಹಾಗಾದರೆ ವರ್ಷಾನುಗಟ್ಟಲೆ ಪರೀಕ್ಷೆಗೆ ಒಳಗಾಗಿಯೂ ನಿಂತವರು? ಅವರ ಸಾಲಿನಲ್ಲಿ ಜೋ ಲೂಯಿ ಮೊದಲಿಗ. 1937ರಿಂದ 1949ರವರೆಗೆ ಪಟ್ಟ ಅವನಲ್ಲೇ ಉಳಿಯಿತು; 25 ಬಾರಿ ಅದನ್ನು ಕಾಪಾಡಿಕೊಂಡ. ಮಹಾಯುದ್ಧದ ದಿನಗಳಲ್ಲಿ ಪಂದ್ಯದ ಸಂಭಾವನೆಯನ್ನೇ ಸೈನಿಕರ ಪರಿಹಾರ ನಿಧಿಗಳಿಗೆ ದಾನವಿತ್ತ ಈ ಉದಾರಿಯನ್ನು ಯುದ್ಧಾನಂತರ ತೆರಿಗೆಯ ಬಾಕಿ ಬೆನ್ನಟ್ಟಿತು. ನಿವೃತ್ತನಾಗಿದ್ದವನು ಹಣಕ್ಕಾಗಿ ಮರಳಿ ಕೈಗವಸು ಕಟ್ಟಿದ. 1950ರಲ್ಲಿ ಎಜಾರ್ಡ್ ಚಾರ್ಲ್ಸ್‌ಗೆ ಸೋತ. 1951ರಲ್ಲಿ, 37ರ ಪ್ರಾಯದಲ್ಲಿ, ಮಾರ್ಸಿಯಾನೋನ ಗುದ್ದಿಗೆ ಹಗ್ಗಗಳ ಆಚೆಗೆ ಉರುಳಿದ.

ಶುದ್ಧ ಕೌಶಲದ ಮಾತು ಬಂದರೆ ಶುಗರ್ ರೇ ರಾಬಿನ್ಸನ್‌ಗೆ ಸಮನಾದವರಿಲ್ಲವೆಂದು ಬಲ್ಲವರಲ್ಲಿ ಬಹುಜನರ ಮತ. 1940ರಲ್ಲಿ ವೃತ್ತಿಗಿಳಿದ ಆತ 1951ರ ಜುಲೈನಲ್ಲಿ ಲಂಡನ್ನಿನಲ್ಲಿ ರ್‍ಯಾಂಡಾಲ್ಫ್ ಟರ್ಪಿನ್‌ಗೆ ಸೋಲುವವರೆಗೆ, ನೂರಿಪ್ಪತ್ತಕ್ಕೂ ಮಿಕ್ಕ ಪಂದ್ಯಗಳಲ್ಲಿ ಸೋತದ್ದು ಒಮ್ಮೆ ಮಾತ್ರ, 1943ರಲ್ಲಿ ಜೇಕ್ ಲಾಮೊಟ್ಟಾನಿಗೆ. ಟರ್ಪಿನ್‌ನಿಂದಲೂ ಸುಮಾರು ಎರಡು ತಿಂಗಳ ಬಳಿಕ ಪಟ್ಟವನ್ನು ಮರಳಿ ಪಡೆದ. ಅಲ್ಲಿಗೆ ನಿಲ್ಲಿಸಿದ್ದರೆ? ನಿಲ್ಲಿಸಲಿಲ್ಲ. ನಡುವೆ ಸ್ವಲ್ಪ ಕಾಲ ಬಿಟ್ಟಿದ್ದರೂ ಮತ್ತೆ ಬಂದು 1965ರವರೆಗೆ, 44 ತುಂಬಿದ ಮೇಲೂ, ಗುದ್ದುತ್ತ ಗುದ್ದಿಸಿಕೊಳ್ಳುತ್ತ ಹೋದ. ಕೊನೆಯ ವರ್ಷಗಳಲ್ಲಿ ಆಲ್ಜೈಮರ್ ರೋಗ ಅವನ ನೆನಪುಗಳನ್ನು ಅಳಿಸಿತು. 1989ರಲ್ಲಿ, 67ನೆಯ ವಯಸ್ಸಿನಲ್ಲಿ ತೀರಿಕೊಂಡ.

ಮಾರ್ಸಿಯಾನೋನ ದಾಖಲೆಯ ಬಗ್ಗೆ ಆಕ್ಷೇಪಣೆಗಳಿಲ್ಲದಿಲ್ಲ. ಅವನು ಗೆದ್ದ ದೊಡ್ಡ ಹೆಸರುಗಳಲ್ಲಿ ಲೂಯಿಗೆ 37, ವಾಲ್ಕಾಟ್‌ಗೆ 38. ಆರ್ಚಿ ಮೂರ್ ನಲವತ್ತರ ಆಸುಪಾಸಿನವನು. ಆದರೂ ಒಂದು ವಿಷಯದಲ್ಲಿ ಮಾರ್ಸಿಯಾನೋ ಲೂಯಿಗಿಂತಲೂ ರಾಬಿನ್ಸನ್‌ಗಿಂತಲೂ ಜಾಣ. 1956ರಲ್ಲಿ, 32ರ ಹರೆಯದಲ್ಲಿ, ಪಟ್ಟ ತಲೆಯ ಮೇಲಿರುವಾಗಲೇ ಇಳಿದುಹೋದ, ಮತ್ತೆ ಹಿಂದಿರುಗಲಿಲ್ಲ. ಇತ್ತೀಚಿನವರಲ್ಲಿ 2017ರಲ್ಲಿ 50ನೆಯ ಗೆಲುವನ್ನು ದಾಖಲಿಸಿದ ಫ್ಲಾಯ್ಡ್ ಮೇವೆದರ್ ಹೊಡೆಯುವುದಕ್ಕಿಂತ ಹೊಡೆತ ತಪ್ಪಿಸಿಕೊಳ್ಳುವುದನ್ನೇ ಕಲೆಯನ್ನಾಗಿಸಿದವನು. ಆ ಆಟ ನೀರಸವೆಂದು ಪ್ರೇಕ್ಷಕರು ಗೊಣಗಿದ್ದುಂಟು. ಗೊಣಗಿದವರ ಮಿದುಳು ಪಣಕ್ಕಿರಲಿಲ್ಲ.

ಅಲಿ: ಗೆಲುವಿನ ಬೆಲೆ

ಮೊಹಮ್ಮದ್ ಅಲಿಯ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಕಠೋರವಾಗುತ್ತದೆ. 1964ರಿಂದ 1967ರವರೆಗಿನ ಅಲಿಯನ್ನು ಮುಟ್ಟುವುದೇ ಕಷ್ಟವಾಗಿತ್ತು. ಪಾದಗಳ ಚಲನೆಯೇ ಅವನ ಗುರಾಣಿ. ವಿಯೆಟ್ನಾಂ ಯುದ್ಧಕ್ಕೆ ಸೇರಲು ನಿರಾಕರಿಸಿದ್ದಕ್ಕಾಗಿ ಪಟ್ಟ ಕಳೆದುಕೊಂಡು ಮೂರೂವರೆ ವರ್ಷ ಕಣದಿಂದ ದೂರವುಳಿದು 1970ರಲ್ಲಿ ಮರಳಿದಾಗ ಆ ಪಾದಗಳಲ್ಲಿ ಹಿಂದಿನ ವೇಗವಿರಲಿಲ್ಲ. ಆಗ ಹೊಸದೊಂದು ಶಕ್ತಿ ಅವನಲ್ಲಿ ಕಂಡುಬಂತು: ಎಂಥ ಗುದ್ದನ್ನಾದರೂ ತಾಳಿಕೊಳ್ಳುವ ಶಕ್ತಿ. ಕಿನ್ಷಾಸಾ ಅದಕ್ಕೊಂದು ನಿದರ್ಶನ. 1975ರ ಅಕ್ಟೋಬರ್‌ನಲ್ಲಿ ಮನಿಲಾದ ಸುಡುಬಿಸಿಲಿನ ದಿನ ಫ್ರೇಜಿಯರ್‌ನೊಡನೆ ನಡೆದ ಹದಿನಾಲ್ಕು ಸುತ್ತುಗಳ ಕಾಳಗ ಇನ್ನೊಂದು. ಅಂದು ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಹೋಗಿದ್ದುದನ್ನು ಕಂಡ ಅವನ ತರಬೇತುದಾರ ಎಡ್ಡಿ ಫ್ಯೂಚ್, ಶಿಷ್ಯ ಬೇಡವೆಂದರೂ ಕೇಳದೆ, ಹದಿನೈದನೆಯ ಸುತ್ತಿಗೆ ಅವನನ್ನು ಏಳಗೊಡಲಿಲ್ಲ. ಗೆದ್ದ ಅಲಿಯೂ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಸಾವಿಗೆ ತೀರ ಸಮೀಪ ಹೋಗಿಬಂದಂತಿತ್ತೆಂದು ಆತನೇ ಹೇಳಿಕೊಂಡ.

ಯಾವ ಎರಡು ಗೆಲುವುಗಳ ಬಲದಿಂದ ಅಭಿಮಾನಿಗಳು ಅಲಿಯನ್ನು ಅಜೇಯರ ಶಿಖರದಲ್ಲಿ ಕೂರಿಸುತ್ತಾರೋ, ಆ ಎರಡರಲ್ಲಿಯೇ ಅವನು ಅಪಾರವಾದ ಪೆಟ್ಟು ತಿಂದಿದ್ದ. 1977ರಲ್ಲಿ ಅರ್ನಿ ಶೇವರ್ಸ್‌ನೊಡನೆ ಪಂದ್ಯ ಮುಗಿದ ಬಳಿಕ, ಮೂತ್ರಪಿಂಡಗಳಿಗೆ ಹಾನಿಯಾಗಿರುವುದನ್ನು ತೋರುವ ಪ್ರಯೋಗಾಲಯದ ವರದಿಯನ್ನು ಅವನ ವೈದ್ಯ ಡಾ. ಫರ್ಡಿ ಪಾಚೆಕೋ ಅಲಿಗೂ ಅವನ ಹತ್ತಿರದವರಿಗೂ ಕಳುಹಿಸಿದರು. ಯಾರಿಂದಲೂ ಉತ್ತರ ಬಾರದಿದ್ದಾಗ ಆ ವೈದ್ಯರು ಅವನ ಬಳಗವನ್ನೇ ತೊರೆದರು. ಅಲಿ ಮಾತ್ರ ತೊರೆಯಲಿಲ್ಲ.

1980ರ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ನಮ್ಮ ಹೆವಿವೇಟ್ ಪಟು ಕೌರ್ ಸಿಂಗರೊಡನೆ ನಾಲ್ಕು ಸುತ್ತಿನ ಪ್ರದರ್ಶನ ಪಂದ್ಯವಾಡಿದ್ದನ್ನು ರಾಜಧಾನಿಯ ಹಿರಿಯರು ಇಂದಿಗೂ ನೆನೆಯಬಹುದು. ಅಂದು ಅವನು ನಿವೃತ್ತ. ಅದೇ ವರ್ಷ ಅಕ್ಟೋಬರ್‌ನಲ್ಲಿ, 38ರ ವಯಸ್ಸಿನಲ್ಲಿ, ಆತ ಲ್ಯಾರಿ ಹೋಮ್ಸ್‌ನ ಎದುರು ನಿಂತ. ಹತ್ತು ಸುತ್ತು ಕೈಯೆತ್ತಲಾರದೆ ಗುದ್ದಿಸಿಕೊಂಡ. 1981ರಲ್ಲಿ ಮತ್ತೊಂದು ಪಂದ್ಯ, ಮತ್ತೊಂದು ಸೋಲು. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಲಕ್ಷಣಗಳಿವೆಯೆಂದು ವೈದ್ಯರು ನಿರ್ಧರಿಸಿದರು. ಆಗ ಅವನ ವಯಸ್ಸು 42. ಒಬ್ಬ ವ್ಯಕ್ತಿಯ ರೋಗಕ್ಕೆ ಗುದ್ದುಗಳೇ ಏಕೈಕ ಕಾರಣವೆಂದು ಖಚಿತವಾಗಿ ಹೇಳಲಾಗದು; ವೈದ್ಯರಲ್ಲಿಯೂ ಈ ಕುರಿತು ಭಿನ್ನಾಭಿಪ್ರಾಯವುಂಟು. ಆದರೆ ಲೋಕದಲ್ಲೆಲ್ಲ ಅತ್ಯಂತ ಚುರುಕಾಗಿದ್ದ ಆ ನಾಲಗೆ ತೊದಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಬೆಳಗಿದ ಆ ಕೈ ಎಡೆಬಿಡದೆ ನಡುಗಿದುದನ್ನು ಕಂಡವರು, 2016ರಲ್ಲಿ ಆತ ಅಗಲುವವರೆಗೂ, ಗೆಲುವಿನ ಅರ್ಥವೇನೆಂದು ತಮ್ಮನ್ನು ತಾವೇ ಕೇಳಿಕೊಳ್ಳದಿರಲಿಲ್ಲ.

ಬುರುಡೆಯೊಳಗೆ ನಡೆಯುವುದೇನು?

ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ ತೂಗುವ ಮಿದುಳು ಬೆಣ್ಣೆಯಂತೆ ಮೃದುವಾದ ಅಂಗ. ಗಟ್ಟಿಯಾದ ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಓರೆಯಾಗಿ ಬಿದ್ದ ಗುದ್ದು ತಲೆಯನ್ನು ರಪ್ಪನೆ ತಿರುಗಿಸುತ್ತದೆ. ಬುರುಡೆ ತಿರುಗಿದ ವೇಗಕ್ಕೆ ಮಿದುಳು ಒಡನೆಯೇ ತಿರುಗಲಾರದೆ ಹಿಂದೆ ಬೀಳುತ್ತದೆ. ಆಗ ಅದರೊಳಗಿನ ಸೂಕ್ಷ್ಮವಾದ ನರತಂತುಗಳು ಜಗ್ಗಿ ಹರಿಯುತ್ತವೆ. ಕೆಲವೊಮ್ಮೆ ಮಿದುಳಿನ ಹೊದಿಕೆಯಡಿಯ ರಕ್ತನಾಳ ಹರಿದು, ರಕ್ತ ಹೆಪ್ಪುಗಟ್ಟಿ ಮಿದುಳನ್ನೊತ್ತಿ, ಪ್ರಾಣವೇ ಹೋಗುತ್ತದೆ. 1982ರ ನವೆಂಬರ್‌ನಲ್ಲಿ ಲಾಸ್ ವೆಗಾಸ್‌ನಲ್ಲಿ ರೇ ಮಾನ್ಸಿನಿಯೊಡನೆ ಹದಿನಾಲ್ಕನೆಯ ಸುತ್ತಿನವರೆಗೆ ಹೋರಾಡಿದ ಕೊರಿಯಾದ ಡುಕ್ ಕೂ ಕಿಮ್ ಮಡಿದದ್ದು ಹೀಗೆಯೇ. ವ್ಯಾಜ್ಯಗಳನ್ನು ಕುರಿತು ನಮ್ಮ ಹಿರಿಯರು ಆಡಿದ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಅಂದು ಅಕ್ಷರಶಃ ನಿಜವಾಯಿತು. ಆ ದುರಂತದ ಬಳಿಕ ಪಟ್ಟದ ಪಂದ್ಯಗಳನ್ನು ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿಸಲಾಯಿತು.

ಆದರೆ ಇಂಥ ಸಾವು ಅಪರೂಪ. ನಿಧಾನವಾಗಿ ಬರುವ ಹಾನಿಯೇ ಹೆಚ್ಚು ಮಂದಿಯನ್ನು ಕಾಡುವುದು. ಅಮೆರಿಕದ ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ ‘ಪಂಚ್ ಡ್ರಂಕ್’ ಎಂಬ ಹೆಸರಿನಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಕುಡಿಯದೆಯೇ ಅಮಲೇರಿದವನಂತೆ ತೂರಾಡುವ ನಡಿಗೆ, ತೊದಲು ಮಾತು, ಮಂಕು ಬುದ್ಧಿ: ಇವು ಅದರ ಲಕ್ಷಣಗಳು. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲ್ಲಿಸ್ ಮತ್ತು ಸಂಗಡಿಗರು 15 ಮಂದಿ ಮಾಜಿ ಮುಷ್ಟಿಮಲ್ಲರ ಮಿದುಳುಗಳನ್ನು ಅವರ ಮರಣಾನಂತರ ಪರೀಕ್ಷಿಸಿ, ಚಲನೆಯನ್ನೂ ಸಮತೋಲವನ್ನೂ ನೆನಪನ್ನೂ ಆಳುವ ಭಾಗಗಳಲ್ಲಿ ನರಕೋಶಗಳು ನಾಶವಾಗಿದ್ದುದನ್ನು ವಿವರಿಸಿದರು. ಇಂಥವರ ಮಿದುಳಿನಲ್ಲಿ ‘ಟೌ’ ಎಂಬ ಪ್ರೋಟೀನು ಗಂಟುಗಟ್ಟಿ ಸೇರುವುದನ್ನು ಮುಂದಿನ ಸಂಶೋಧನೆಗಳು ತೋರಿಸಿವೆ. ಗಮನಿಸಬೇಕಾದುದೆಂದರೆ, ಈ ಹಾನಿಗೆ ನಾಕೌಟ್ ಆಗಲೇಬೇಕೆಂದಿಲ್ಲ. ಪ್ರಜ್ಞೆ ತಪ್ಪಿಸದ ಸಣ್ಣ ಗುದ್ದುಗಳೂ, ಅಭ್ಯಾಸದ ಸೆಣಸಿನಲ್ಲಿ ತಿಂದವೂ ಸೇರಿ, ವರ್ಷಗಳ ಮೇಲೆ ವರ್ಷ ಕೂಡುತ್ತ ಹೋಗುತ್ತವೆ. ಗೆದ್ದವನಿಗೂ ಈ ಲೆಕ್ಕದಿಂದ ವಿನಾಯಿತಿಯಿಲ್ಲ.

ಕೈಗವಸು ಮತ್ತು ಶಿರಸ್ತ್ರಾಣಗಳಿಲ್ಲವೇ ಎಂದು ಕೆಲವರು ಕೇಳಬಹುದು. ಕೈಗವಸು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಬೆರಳೆಲುಬುಗಳನ್ನು. ಬರಿಗೈಯಲ್ಲಿ ತಲೆಗೆ ಹತ್ತಾರು ಗುದ್ದು ಹಾಕುವುದು ಅಸಾಧ್ಯ, ಗವಸು ತೊಟ್ಟರೆ ಸಾಧ್ಯ. ಶಿರಸ್ತ್ರಾಣವು ಹುಬ್ಬು ಹರಿಯುವುದನ್ನು ತಡೆದೀತೇ ಹೊರತು ಒಳಗೆ ಮಿದುಳು ತಿರುಚುವುದನ್ನು ತಡೆಯಲಾರದು. 1984ರಿಂದ ಒಲಿಂಪಿಕ್ಸ್‌ನಲ್ಲಿ ಬಳಕೆಯಲ್ಲಿದ್ದ ಅದನ್ನು 2016ರ ರಿಯೋ ಕೂಟದ ವೇಳೆಗೆ ಪುರುಷರ ಪಂದ್ಯಗಳಿಂದ ತೆಗೆಯಲಾಗಿತ್ತು. ಬ್ರಿಟನ್ ಮತ್ತು ಅಮೆರಿಕದ ವೈದ್ಯಕೀಯ ಸಂಘಗಳು 1980ರ ದಶಕದಲ್ಲಿಯೇ ಈ ಆಟವನ್ನು ನಿಲ್ಲಿಸಬೇಕೆಂದು ಕೇಳಿದವು. ಬಡ ಮನೆಗಳ ಮಕ್ಕಳಿಗೆ ಮೇಲೇರಲು ಸಿಕ್ಕ ಏಣಿಯಿದು, ಅದನ್ನು ಕಿತ್ತುಕೊಳ್ಳಬೇಡಿ ಎಂಬುದು ಎದುರು ವಾದ. ಆ ವಾದದಲ್ಲಿ ಹುರುಳಿದೆ. ಆದರೆ ಏಣಿ ಹತ್ತಿದವನು ಇಳಿಯುವ ಹೊತ್ತನ್ನೂ ಅರಿತಿರಬೇಡವೇ?

ಮರೆತ ಹೆಸರು

ಮಾರ್ಟ್‌ಲ್ಯಾಂಡರ ಲೇಖನ ಬೆಳಕು ಕಂಡ ಅದೇ 1928ರಲ್ಲಿ ವಿಶ್ವ ಹೆವಿವೇಟ್ ಪಟ್ಟವನ್ನು ತಾನಾಗಿ ತೊರೆದವನೊಬ್ಬನಿದ್ದ: ಜೀನ್ ಟನ್ನಿ. ಆ ಕಾಲದ ‘ಅಜೇಯ’ ಜ್ಯಾಕ್ ಡೆಂಪ್ಸಿ. 1919ರಲ್ಲಿ ಮಹಾಕಾಯನಾದ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದ ಭೀಮಬಲನು. ಅವನನ್ನು ಟನ್ನಿ 1926ರಲ್ಲಿ ಫಿಲಡೆಲ್ಫಿಯಾದಲ್ಲಿ ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರ ಮುಂದೆ ಸೋಲಿಸಿದ. 1927ರಲ್ಲಿ ಶಿಕಾಗೋದಲ್ಲಿ ಮತ್ತೊಮ್ಮೆ ಸೋಲಿಸಿದ. ವೃತ್ತಿಜೀವನದಲ್ಲೆಲ್ಲ ಟನ್ನಿ ಸೋತದ್ದು ಒಂದೇ ಸಲ, 1922ರಲ್ಲಿ ಹ್ಯಾರಿ ಗ್ರೆಬ್‌ಗೆ. ಆ ಗ್ರೆಬ್‌ನನ್ನೂ ಆಮೇಲೆ ಗೆದ್ದ.

ಆ ಎರಡನೆಯ ಡೆಂಪ್ಸಿ ಪಂದ್ಯದ ಸಿದ್ಧತೆಯಲ್ಲಿದ್ದಾಗ ಅಭ್ಯಾಸದ ಸೆಣಸಿನಲ್ಲಿ ಟನ್ನಿಯ ತಲೆಗೆ ಬಲವಾದ ಪೆಟ್ಟುಬಿತ್ತು. ಕೆಲವು ದಿನ ನೆನಪು ಕಲಸಿಹೋಯಿತು. ಪರಿಚಿತರ ಹೆಸರುಗಳೂ ಹೊಳೆಯಲಿಲ್ಲ. ತೂರಾಡುತ್ತ ಬದುಕುವ ಹಳೆಯ ಮಲ್ಲರನ್ನು ಕಂಡಿದ್ದ ಆತ ಅಂದೇ ಈ ಆಟಕ್ಕೆ ವಿದಾಯ ಹೇಳಲು ಮನಸ್ಸು ಮಾಡಿದ. 1928ರ ಜುಲೈನಲ್ಲಿ ಟಾಮ್ ಹೀನಿಯನ್ನು ಸೋಲಿಸಿ, ಪಟ್ಟವನ್ನು ಬಿಟ್ಟು ಹೊರಟ. ಮತ್ತೆ ಕಣದತ್ತ ತಿರುಗಲಿಲ್ಲ. ಶೇಕ್ಸ್‌ಪಿಯರನ ಮೇಲೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಕೊಟ್ಟ, ಬರ್ನಾರ್ಡ್ ಷಾರ ಸ್ನೇಹಿತನಾಗಿದ್ದ ಈ ಮಲ್ಲನು 1978ರವರೆಗೆ, 81 ವರ್ಷ ಬಾಳಿದ. ನಾಕೌಟ್‌ಗಳ ಅಬ್ಬರವಿಲ್ಲದ ಅವನ ಆಟ ಜನಕ್ಕೆ ಅಷ್ಟಾಗಿ ಹಿಡಿಸಲಿಲ್ಲ. ವಾದಗಳಲ್ಲಿ ಅವನ ಹೆಸರು ಬರುವುದೂ ಅಪರೂಪ. ಖಾಲಿ ಬಿಟ್ಟ ನಾಲ್ಕನೆಯ ಅಂಕಣವನ್ನು ತುಂಬಿದಾಗ ಮೇಲಕ್ಕೆ ಬರುವ ಹೆಸರು ಇದೇ.

ನಿಲ್ಲಿಸುವ ನಿಯಮ

ಮುಷ್ಟಿಕಾಳಗ ನಮ್ಮ ನಾಡಿಗೂ ಹೊಸದಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯ ಆವರಣದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಕಂಡವರು ಈ ಓದುಗರಲ್ಲಿಯೂ ಇದ್ದಾರು. ಬೋಳಿಸಿದ ತಲೆಯ ಇಬ್ಬರು ಜಟ್ಟಿಗಳು ಸೆಣಸುತ್ತಿರುವಂತೆ, ಒಬ್ಬನ ತಲೆಯಲ್ಲಿ ರಕ್ತ ಜಿನುಗಿತೆಂದರೆ ಕಾಳಗ ಅಲ್ಲಿಗೆ ಮುಗಿಯಿತು. ಅದೂ ಅಪಾಯವಿಲ್ಲದ ಸೆಣಸಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿ ಇಳಿಯುವ ವಿವೇಕ ಅದರಲ್ಲಿದೆ. ಬಾಕ್ಸಿಂಗ್‌ನಲ್ಲಿ ಈ ವಿವೇಕ ಇನ್ನೂ ಹೆಚ್ಚು ಬೇಕು. ಏಕೆಂದರೆ ಅಲ್ಲಿನ ದೊಡ್ಡ ಗಾಯಕ್ಕೆ ರಕ್ತದ ಗುರುತಿಲ್ಲ.

ಇಂದು ಈ ಮಾತು ಮಹಾನಗರಗಳ ನಮ್ಮ ಮನೆಗಳಿಗೂ ಸಂಬಂಧಿಸಿದೆ. ಆರು ಬಾರಿ ವಿಶ್ವವಿಜೇತೆಯಾದ ಮೇರಿ ಕೋಮ್, 2008ರ ಬೀಜಿಂಗ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್, 2022 ಮತ್ತು 2023ರಲ್ಲಿ ವಿಶ್ವಪಟ್ಟ ತಂದ ತೆಲಂಗಾಣದ ನಿಖತ್ ಝರೀನ್ ಇವರ ಸಾಧನೆಯಿಂದ ಸ್ಫೂರ್ತಿಗೊಂಡು ಹುಡುಗ ಹುಡುಗಿಯರು ಕೈಗವಸು ತೊಡುವುದು ಹೆಮ್ಮೆಯ ಸಂಗತಿಯೇ. ಹಗ್ಗ ಜಿಗಿತ, ಚೀಲಕ್ಕೆ ಗುದ್ದುವ ಅಭ್ಯಾಸ, ಪಾದಚಲನೆ ಇವುಗಳಿಂದ ಹೃದಯ ಶ್ವಾಸಕೋಶಗಳಿಗೆ ಒಳ್ಳೆಯ ವ್ಯಾಯಾಮ ದೊರಕುತ್ತದೆ. ಇವುಗಳಿಗೆ ಯಾರ ತಲೆಯೂ ಬೇಕಿಲ್ಲ. ಆದರೆ ತಲೆಗೆ ಗುದ್ದು ಬೀಳುವ ಸೆಣಸಿಗೆ ಮಗುವನ್ನು ಕಳುಹಿಸುವ ಮುನ್ನ ತಂದೆತಾಯಿಗಳು ತರಬೇತುದಾರನನ್ನು ಕೇಳಬೇಕಾದ ಪ್ರಶ್ನೆಗಳಿವೆ: ವಾರಕ್ಕೆ ಎಷ್ಟು ಸಲ ಸೆಣಸು? ಪೆಟ್ಟುಬಿದ್ದರೆ ಆಟ ನಿಲ್ಲಿಸುವವರು ಯಾರು? ವೈದ್ಯರು ನೋಡದೆ ಮತ್ತೆ ಇಳಿಸುತ್ತೀರಾ?

ಪೆಟ್ಟಿನ ಬಳಿಕ ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ನಡಿಗೆ ತಪ್ಪುವುದು, ಪೆಟ್ಟಿನ ಹೊತ್ತಿನ ನೆನಪಿಲ್ಲದಿರುವುದು ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ಮುಗಿಯಿತೆಂದೇ ತಿಳಿಯಬೇಕು. ಲಕ್ಷಣಗಳೆಲ್ಲ ಹೋಗಿ ವೈದ್ಯರು ಒಪ್ಪುವವರೆಗೆ ಕಣಕ್ಕೆ ಹಿಂದಿರುಗಬಾರದು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಹಲವು ಪಾಲು ಕೆಟ್ಟದ್ದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸೆಳವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿರುವುದು ಇವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಈ ಮಾತುಗಳು ಫುಟ್‌ಬಾಲ್ ಮೈದಾನಕ್ಕೂ, ಸ್ಕೂಟರಿನಿಂದ ಬಿದ್ದ ತಲೆಗೂ ಅನ್ವಯಿಸುತ್ತವೆ.

ಅಜೇಯರಾರೆಂಬ ವಾದ ಮುಂದೆಯೂ ನಡೆಯುತ್ತಲೇ ಇರುತ್ತದೆ; ನಡೆಯಲಿ. ಕೌಶಲಕ್ಕೆ ರಾಬಿನ್ಸನ್, ದೀರ್ಘ ಆಳ್ವಿಕೆಗೆ ಲೂಯಿ, ಎದೆಗಾರಿಕೆಗೆ ಅಲಿ ಎಂದು ಹಂಚಿಕೊಟ್ಟರೂ ಯಾರೂ ಮುನಿಯಲಾರರು. ಆದರೆ ಮಲ್ಲನೊಬ್ಬನ ಪಂದ್ಯಗಳನ್ನೆಣಿಸುವಾಗ ಅವನು ಯಾವ ವರ್ಷ ನಿಲ್ಲಿಸಿದ, ನಿಲ್ಲಿಸಿದ ಮೇಲೆ ಎಷ್ಟು ವರ್ಷ ತನ್ನ ಮಕ್ಕಳ ಹೆಸರನ್ನು ತಪ್ಪದೆ ಕರೆಯಬಲ್ಲವನಾಗಿದ್ದ ಎಂಬುದನ್ನೂ ಜೊತೆಗೆ ಬರೆದುಕೊಳ್ಳಬೇಕು. ಹಾಗೆ ಬರೆದ ಪಟ್ಟಿಯಲ್ಲಿ ಜೀನ್ ಟನ್ನಿಗೆ ಮೊದಲ ಸಾಲಿನಲ್ಲಿ ಸ್ಥಳವಿರಲೇಬೇಕು.